ಪಟ್ಟಿ ಬರುವ ತನಕ

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿರುವ ನನ್ನಂಥವರಿಗೆ ವರ್ಷದಲ್ಲಿ ಒಂದು ಅವಧಿ ತಪ್ಪದೆ ಬರುತ್ತದೆ. ಹಿಂದಿನ ಸಾಲಿನ ಕಾರ್ಯಭಾರ ಮುಗಿದಿರುತ್ತದೆ, ಮುಂದಿನ ಸಾಲಿನ ಆಯ್ಕೆ ಪಟ್ಟಿ ಪ್ರಕಟವಾಗಿರುವುದಿಲ್ಲ, ಗೌರವಧನವೂ ಇರುವುದಿಲ್ಲ. 2022ರ ಜನವರಿಯಲ್ಲಿ ಗೌರವಧನ ಹೆಚ್ಚಿಸಿದಾಗ ಒಬ್ಬೊಬ್ಬರ ಕಾರ್ಯಭಾರವನ್ನೂ ವಾರಕ್ಕೆ 15 ಗಂಟೆಗೆ ಏರಿಸಿದ್ದರಿಂದ, ಅಷ್ಟೇ ಪಾಠಕ್ಕೆ ಕಡಿಮೆ ಮಂದಿ ಸಾಕೆಂಬ ಲೆಕ್ಕ ಹುಟ್ಟಿ, ಉಳಿಯುವವರು ಯಾರೆಂಬ ಆತಂಕ ಇನ್ನಷ್ಟು ಬಿಗಿಯಾಯಿತು. ಮಂಗಳೂರಿನಲ್ಲಿ ಈ ಅವಧಿ ಮಳೆಗಾಲದೊಂದಿಗೆ, ಪಟ್ಟಿ ತಡವಾದರೆ ತುಳುವರ ಆಟಿ ತಿಂಗಳೊಂದಿಗೂ (ಜುಲೈ-ಆಗಸ್ಟ್) ಕೂಡಿಕೊಳ್ಳುತ್ತದೆ. ನಾಲ್ಕು ದಿನವಾದರೂ ಬಟ್ಟೆ ಒಣಗದ ಆ ಹೊತ್ತಿನಲ್ಲಿ ಮನಸ್ಸು ಕುಗ್ಗುವುದಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ. 'ಎಲ್ಲ ಒಳ್ಳೆಯದಾಗುತ್ತದೆ' ಎನ್ನುವವರ ಮಾತಿನಿಂದ ನನಗೆ ಎಂದೂ ಸಮಾಧಾನ ಸಿಕ್ಕಿದ್ದಿಲ್ಲ, ಏಕೆಂದರೆ ಹಾಗೆನ್ನುವವರ ಕೈಯಲ್ಲಿ ಪಟ್ಟಿ ಇರುವುದಿಲ್ಲ. ಮನಸ್ಸು ಎದ್ದು ಕೂತದ್ದು ಇವತ್ತಿನ ದಿನದೊಳಗೆ ಮಾಡಿ ಮುಗಿಸಬಹುದಾದ ಕೆಲಸಗಳಿಂದ.

ಮೊದಲು ಮಾಡಿದ್ದು ಮನೆಯ ಲೆಕ್ಕ. ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ತರಗತಿಯಲ್ಲಿ ಕಲಿಸುವುದನ್ನೇ ಮನೆಗೆ ಅನ್ವಯಿಸಿ, ಬಾಡಿಗೆ, ಮೆಸ್ಕಾಂ ಬಿಲ್ಲು, ಮಗಳ ಶಾಲಾ ಶುಲ್ಕ, ಅತ್ತೆಯ ಬಿಪಿ ಮಾತ್ರೆ, ಸೊಸೈಟಿಯ ಸಾಲದ ಕಂತು ಇವನ್ನು ಒಂದು ಕಡೆಗೂ, ಮೀನು, ಬಟ್ಟೆಬರೆ, ಮದುವೆಗಳ ಉಡುಗೊರೆ ಇತ್ಯಾದಿಗಳನ್ನು ಇನ್ನೊಂದು ಕಡೆಗೂ ಬರೆದೆ. ಗಂಡನ ಸಂಬಳ ಕಳೆದು ಪ್ರತಿ ತಿಂಗಳು ಎಷ್ಟು ಕೊರತೆ ಬೀಳುತ್ತದೋ ಅದರಿಂದ ಉಳಿತಾಯದ ಮೊತ್ತವನ್ನು ಭಾಗಿಸಿದ ಕೂಡಲೇ, 'ಹಣ ಮುಗಿದರೆ ಏನು ಗತಿ' ಎಂದು ತಲೆಯೊಳಗೆ ಸುತ್ತುತ್ತಿದ್ದ ಪ್ರಶ್ನೆಗೆ ಒಂದು ತಾರೀಖು ಸಿಕ್ಕಿತು: ನವೆಂಬರ್ ಕೊನೆಯ ತನಕ ಹೊಸ ಸಾಲ ಬೇಡ. ನವೆಂಬರ್ ಬಹಳ ದೂರವೇನೂ ಇರಲಿಲ್ಲ. ಆದರೂ ಬರುವ ವಾರವೇ ಮುಳುಗಿಹೋಗುತ್ತೇವೆಂಬ ಭಯಕ್ಕೆ ಆಮೇಲೆ ಆಧಾರ ಉಳಿಯಲಿಲ್ಲ. ಇದಕ್ಕಿಂತ ಹತ್ತಿರದ ತಾರೀಖು ಬರುವವರಿಗೂ ಅದು ತಿಳಿದಿರುವುದೇ ಒಳ್ಳೆಯದು, ಏಕೆಂದರೆ ಸೊಸೈಟಿಯ ಮ್ಯಾನೇಜರರ ಎದುರು ಕೂತು ಮಾತನಾಡುವುದು ಕಂತು ತಪ್ಪುವ ಮೊದಲು ಸುಲಭ, ತಪ್ಪಿದ ಮೇಲೆ ಕಷ್ಟ.

ಚಿಂತೆಗೇ ಒಂದು ಹೊತ್ತು ಗೊತ್ತುಮಾಡುವ ಕ್ರಮ ನನ್ನದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಇದನ್ನು ವಿವರಿಸಿದ್ದಾರೆ: ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅರ್ಧ ಗಂಟೆ ಚಿಂತಿಸುವುದು, ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ಅರ್ಧ ಗಂಟೆಗೆ ಮುಂದೂಡುವುದು. ನಾನು ಸಂಜೆ ಐದೂವರೆಯನ್ನೂ ಮನೆಯ ಸಿಟೌಟನ್ನೂ ಆರಿಸಿಕೊಂಡೆ. ಮಲಗುವ ಕೋಣೆಯನ್ನು ಬೇಕೆಂದೇ ಬಿಟ್ಟೆ. ಹಾಸಿಗೆಗೂ ಚಿಂತೆಗೂ ನಂಟು ಬೆಳೆದರೆ ನಿದ್ದೆಗೆ ಜಾಗವಿರುವುದಿಲ್ಲ. ಹಳೆಯ ಹಾಜರಿ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಹಾಳೆಗಳ ಎಡಗಡೆ ಚಿಂತೆಯನ್ನು ಬಂದ ಹಾಗೆಯೇ ಬರೆಯುವುದು, ಬಲಗಡೆ ಅದಕ್ಕೆ ನಾನು ಮಾಡಬಹುದಾದ ಕೆಲಸವನ್ನೂ ದಿನವನ್ನೂ ನಮೂದಿಸುವುದು. 'ಸೇವಾ ಪ್ರಮಾಣಪತ್ರದಲ್ಲಿ ಒಂದು ವರ್ಷ ಬಿಟ್ಟುಹೋಗಿದ್ದರೆ?' ಎಂಬುದರ ಎದುರು 'ಸೋಮವಾರ ಕಚೇರಿಗೆ ಹೋಗಿ ನೋಡುವುದು' ಎಂದು ಬರೆಯಬಹುದಾಗಿತ್ತು. 'ಕಾರ್ಯಭಾರವೇ ಕಡಿಮೆಯಾಗಿ ನನ್ನ ಸರದಿ ಬಾರದಿದ್ದರೆ?' ಎಂಬುದರ ಎದುರು ಗೆರೆ ಎಳೆಯುವುದಷ್ಟೇ ಸಾಧ್ಯವಿತ್ತು. ರಾತ್ರಿ ಎಚ್ಚರವಾದಾಗ ಚಿಂತೆಯ ಹೆಸರನ್ನು ಒಂದು ಚೀಟಿಯಲ್ಲಿ ಗೀಚಿಟ್ಟು, ನಾಳೆ ಐದೂವರೆಗೆ ನೋಡೋಣ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಆರಂಭದಲ್ಲಿ ಅರ್ಧ ಗಂಟೆ ಸಾಲುತ್ತಿರಲಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಅವೇ ನಾಲ್ಕೈದು ಚಿಂತೆಗಳು ಮರಳಿ ಮರಳಿ ಬಂದು, ಬರೆಯುವುದಕ್ಕೇ ಬೇಸರವಾಗಿ, ಹತ್ತು ನಿಮಿಷಕ್ಕೆ ಪುಸ್ತಕ ಮುಚ್ಚುವಂತಾಯಿತು. ಆ ಬೇಸರವನ್ನು ನಾನು ಸುಧಾರಣೆಯ ಲೆಕ್ಕಕ್ಕೇ ಸೇರಿಸಿದ್ದೇನೆ.

ನಮ್ಮ ವಾಟ್ಸ್‌ಆ್ಯಪ್ ಗುಂಪನ್ನು ಮ್ಯೂಟ್ ಮಾಡಿ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾತ್ರ ನೋಡುವ ನಿಯಮ ಮಾಡಿಕೊಂಡೆ. ಆದೇಶದ ನಿಜವಾದ ಪ್ರತಿ ಇಲಾಖೆಯ ಜಾಲತಾಣದಲ್ಲಿ ಬರುತ್ತದೆ. ಗುಂಪಿನಲ್ಲಿ ಬರುವುದು ಹೆಚ್ಚಾಗಿ 'ಎಂತ ಮಾರಾಯ್ತಿ, ಪಟ್ಟಿ ಬಂತಂತೆ ಹೌದಾ?' ಎಂಬ ಪ್ರಶ್ನೆ ಮತ್ತು ಅದಕ್ಕೆ ಹುಟ್ಟುವ ಮೂವತ್ತು ಉತ್ತರಗಳು.

ಹೆಚ್ಚು ಫಲ ಕೊಟ್ಟದ್ದು ಬಿಜೈಯ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಒಪ್ಪಿಕೊಂಡ ಅರ್ಧ ದಿನದ ಕೆಲಸ. ಸಂಬಳ ಅಲ್ಪವೇ. ಆದರೆ ಜಿಎಸ್‌ಟಿ ಕೆಲಸದಲ್ಲಿ ತಿಂಗಳಿಗೊಂದು ಖಚಿತವಾದ ಓಟವಿದೆ: ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ವ್ಯಾಪಾರಿಗಳ ಮಾರಾಟದ ವಿವರ 11ನೇ ತಾರೀಖಿನೊಳಗೆ ಹೋಗಬೇಕು, 14ಕ್ಕೆ, ಪೂರೈಕೆದಾರರು ತೋರಿಸಿದ ಬಿಲ್ಲುಗಳಿಂದ ತಯಾರಾಗುವ ಖರೀದಿಯ 2ಬಿ ಪಟ್ಟಿ ಸಿಗುತ್ತದೆ, 20ರೊಳಗೆ 3ಬಿ ಎಂಬ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಬೇಕು. ಮುಂದಿನ ವರ್ಷ ಹೇಗೆಂದು ತಿಳಿಯದಿದ್ದರೂ ಮುಂದಿನ ವಾರ ಹೇಗೆಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಒಂದು ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳು ಮಳೆಗೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಬಂದಿದ್ದವು. ಅವನ್ನು ಬಿಡಿಸಿ, ಫ್ಯಾನಿನ ಕೆಳಗೆ ಹರಡಿ, ಒಣಗಿದಂತೆಲ್ಲ 2ಬಿಯೊಂದಿಗೆ ತಾಳೆ ನೋಡುತ್ತ ಹೋದಾಗ ಪೈಂಟಿನ ಒಂದು ಬಿಲ್ಲು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಪೂರೈಕೆದಾರರಿಗೆ ಫೋನ್ ಮಾಡಿದರೆ, ಅದನ್ನು ನೋಂದಣಿಯಿಲ್ಲದ ಗ್ರಾಹಕರಿಗೆ ಮಾರಿದಂತೆ ತೋರಿಸಿಬಿಟ್ಟಿದ್ದರು. ಅದನ್ನು ಪತ್ತೆಹಚ್ಚಿದ ಆ ಮಧ್ಯಾಹ್ನ ನನಗೆ ಪಟ್ಟಿಯ ನೆನಪೇ ಬರಲಿಲ್ಲ. ಅಂದು ಬೆಳಗ್ಗೆ ಕೆಲಸಕ್ಕೆ ಹೊರಡುವ ಮನಸ್ಸು ಕೂಡ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಉತ್ಸಾಹ ಬಂದದ್ದು ಕೆಲಸ ಅರ್ಧವಾದ ಮೇಲೆ.

ಖಿನ್ನತೆಯ ಚಿಕಿತ್ಸೆಯಲ್ಲಿಯೂ ಇದೇ ಕ್ರಮವನ್ನು ಬಳಸುವುದುಂಟು. ಮನಸ್ಸು ಸರಿಯಾಗಲಿ ಎಂದು ಕಾಯದೆ, ಮೊದಲೇ ನಿಗದಿಪಡಿಸಿದ ಸಣ್ಣ ಕೆಲಸಗಳನ್ನು ಮಾಡಿಸಿ, ಯಾವುದರ ಬಳಿಕ ಮನಸ್ಸು ಎಷ್ಟು ಹಗುರವಾಯಿತೆಂದು ಬರೆಸುತ್ತಾರೆ. ಮೇಷ್ಟರ ಅಭ್ಯಾಸಬಲದಿಂದ ನಾನು ಎಲ್ಲದಕ್ಕೂ ಹತ್ತರಲ್ಲಿ ಅಂಕ ಕೊಟ್ಟೆ. ಅತ್ತೆಯ ಜೊತೆ ಕೂತು ಹಲಸಿನ ಬೀಜದ ಸಿಪ್ಪೆ ಸುಲಿದದ್ದಕ್ಕೆ ಊಹಿಸಿದ್ದಕ್ಕಿಂತ ಹೆಚ್ಚು ಬಂತು. ಮಳೆ ಬಿಟ್ಟ ಬೆಳಗುಗಳಲ್ಲಿ ಕದ್ರಿ ಪಾರ್ಕಿನ ತನಕ ನಡೆದು ಬಂದದ್ದಕ್ಕೂ ಒಳ್ಳೆಯ ಅಂಕವೇ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ, ಬೆಳಗಿನ ಬೆಳಕು ರಾತ್ರಿಯ ನಿದ್ದೆಯನ್ನು ಹಳಿಗೆ ತರುತ್ತದೆ. ಮೊಬೈಲಿನಲ್ಲಿ ಬೆರಳಾಡಿಸಿ ಕಳೆದ ಹೊತ್ತಿಗೆ ಒಮ್ಮೆಯೂ ಪಾಸ್ ಅಂಕ ಬರಲಿಲ್ಲ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೇಳಿದ ಮೇಲೆ ಕರ್ನಾಟಕದ ಸೆಟ್ ಆದ ಕೆ-ಸೆಟ್ ಓದಿಗೂ ದಿನಕ್ಕೊಂದು ಗಂಟೆ ಇಟ್ಟಿದ್ದೇನೆ. ಅದರ ಅಂಕ ದಿನಕ್ಕೊಂದು ತೆರನಾಗಿದೆ.

ಇದೆಲ್ಲ ಸಾಲದ ಸ್ಥಿತಿಯೂ ಇರುತ್ತದೆ. ಎರಡು ವಾರ ಕಳೆದರೂ ದಿನದ ಬಹುಪಾಲು ಮನಸ್ಸು ಮಂಕಾಗಿಯೇ ಇದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ, ಇಷ್ಟದ ಸಂಗತಿಗಳೂ ಬೇಡವಾಗಿದ್ದರೆ ಹಾಜರಿ ಪುಸ್ತಕ ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಬದುಕುವುದೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡಬಹುದು. ನನ್ನ ಸಹೋದ್ಯೋಗಿಯೊಬ್ಬರು ಅಲ್ಲಿಗೆ ಕರೆ ಮಾಡಿದ ಮೇಲೆಯೇ ಆಸ್ಪತ್ರೆಗೆ ಹೋಗುವ ಧೈರ್ಯ ತಂದುಕೊಂಡರು.

ಉಳಿದದ್ದು ನೆಂಟರಿಷ್ಟರ ಪ್ರಶ್ನೆ. ಸಮಾರಂಭಗಳಲ್ಲಿ 'ಈ ಸಲ ಪರ್ಮನೆಂಟ್ ಆಗ್ತದಾ?' ಎಂದು ಪ್ರೀತಿಯಿಂದಲೇ ಕೇಳುತ್ತಾರೆ, ಇಡೀ ವ್ಯವಸ್ಥೆಯನ್ನು ವಿವರಿಸಹೊರಟರೆ ಊಟದ ರುಚಿ ಹೋಗುತ್ತದೆ. ಆದ್ದರಿಂದ ಒಂದೇ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದ್ದೇನೆ: 'ಪಟ್ಟಿ ಬರಲಿ, ನಾನೇ ಫೋನ್ ಮಾಡಿ ಹೇಳ್ತೇನೆ.' ಅಷ್ಟಕ್ಕೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಆಗದವರಿಗೆ ಪತ್ರೊಡೆ ಹೇಗಾಗಿದೆಯೆಂದು ಕೇಳುತ್ತೇನೆ.