ಬ್ಯಾಂಕ್ ಬಿಟ್ಟ ಮೇಲೆ ತೋಟದ ರೈಟರ್ ಆದೆ

ಹಾಸನದಲ್ಲಿ ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್‌ಗೆ ಕೆಲಸ ತಾನಾಗಿ ಹುಡುಕಿಕೊಂಡು ಬರುತ್ತದೆ. ಆದರೆ ಎಲ್ಲಾ ಒಂದೇ ಥರ. ವಿಮೆ ಮಾಡಿಸಿ, ಸಾಲ ವಸೂಲಿಗೆ ಬನ್ನಿ, ನಿಮ್ಮ ಹಳೇ ಗ್ರಾಹಕರನ್ನು ನಮ್ಮ ಚಿಟ್ ಫಂಡ್‌ಗೆ ಸೇರಿಸಿ. ಅವರ ಕಣ್ಣೆಲ್ಲ ನನ್ನ ಫೋನಿನಲ್ಲಿರುವ ನಂಬರುಗಳ ಮೇಲೆ. ಪೆನ್ಷನ್ ಸಾಕಾಗುತ್ತಿತ್ತು, ಬೇಡ ಅಂದೆ.

ಆಮೇಲೆ ಸುಮ್ನೆ ಕೂತು ಯೋಚಿಸಿದೆ, ಸರ್ವಿಸಿನಲ್ಲಿ ಯಾವ ದಿನ ಖುಷಿಯಾಗಿ ಮನೆಗೆ ಬರುತ್ತಿದ್ದೆ ಅಂತ. ಮ್ಯಾನೇಜರ್ ಕುರ್ಚಿಯ ದಿನ ಒಂದೂ ನೆನಪಾಗಲಿಲ್ಲ. ಬೆಳೆಸಾಲದ ಇನ್‌ಸ್ಪೆಕ್ಷನ್ ಅಂತ ಸಕಲೇಶಪುರದ ಕಡೆ ಕಾಫಿ ತೋಟಗಳಿಗೆ ಹೋಗಿ, ಕಣದಲ್ಲಿ ನಿಂತು, ಈ ಸಲ ಇಳುವರಿ ಹೇಗೆ, ಕೂಲಿ ಎಷ್ಟು ಅಂತ ಮಾತಾಡಿ, ಅವರ ಮನೆಯಲ್ಲಿ ಕಡುಬು ತಿಂದು ಬಂದ ದಿನಗಳೇ ಎಲ್ಲಾ.

ಹಾಗಾದರೆ ಅದನ್ನೇ ಕೇಳಬಹುದಲ್ವಾ? ಪರಿಚಯದ ಬೆಳೆಗಾರರೊಬ್ಬರಿಗೆ ಹೇಳಿದೆ, "ಕುಯ್ಲಿನ ಟೈಮಲ್ಲಿ ನಿಮ್ಮ ಲೆಕ್ಕ ನಾನು ನೋಡ್ಕೊಳ್ತೀನಿ, ವಾರಕ್ಕೆ ಮೂರು ದಿನ ಮಾತ್ರ." ಅವರು ನಕ್ಕರು. "ಏನ್ ಸಾರ್, ಮ್ಯಾನೇಜರ್ ಆಗಿದ್ದವರು ರೈಟರ್ ಕೆಲಸ ಮಾಡ್ತೀರಾ?" ತೋಟದ ಲೆಕ್ಕ ಬರೆಯುವವರಿಗೆ ಇಲ್ಲಿ ರೈಟರ್ ಅಂತಾರೆ. ಸಣ್ಣ ತೋಟದವರಿಗೆ ವರ್ಷವಿಡೀ ರೈಟರ್ ಇಟ್ಟುಕೊಳ್ಳುವುದು ದುಬಾರಿ, ಆದರೆ ಕುಯ್ಲು ಮುಗಿಯುವ ತನಕ ಲೆಕ್ಕದವರು ಬೇಕೇ ಬೇಕು. ನನ್ನಂಥವರಿಗೆ ಜಾಗ ಇರುವುದು ಅಲ್ಲೇ.

ಕಾಫಿಯಲ್ಲಿ ಎರಡು ಜಾತಿ, ನವೆಂಬರಿನಿಂದ ಅರೇಬಿಕಾ ಕುಯ್ಲು, ಜನವರಿ ಹೊತ್ತಿಗೆ ರೊಬಸ್ಟಾ. ಸಂಜೆ ಮೂಟೆ ತೂಕ ಹಾಕುವಾಗ ನಾನು ಪುಸ್ತಕ ಹಿಡಿದು ಪಕ್ಕದಲ್ಲಿರುತ್ತೇನೆ. ಕಿಲೋ ಲೆಕ್ಕದಲ್ಲಿ ಕುಯ್ಯುವವರ ಅಂಕಿಯನ್ನು ಅವರೆದುರೇ ಬರೆದು ಗಟ್ಟಿಯಾಗಿ ಓದಿ ಹೇಳಬೇಕು, ಇಲ್ಲಾಂದ್ರೆ ಬಟವಾಡೆ ದಿನ ಜಗಳ ಗ್ಯಾರಂಟಿ. ನನಗೆ ಜಾಸ್ತಿ ಇಷ್ಟ ಇನ್ನೊಂದು ಲೆಕ್ಕ. ಒಂದು ಕಿಲೋ ಕಾಫಿ ಬೀಜಕ್ಕೆ ಸುಮಾರು ಐದಾರು ಕಿಲೋ ಹಣ್ಣು ಬೇಕು. ಇಷ್ಟು ಹಣ್ಣು ಬಂದಿದೆ ಅಂದ ಮೇಲೆ ಕಣದಿಂದ ಎಷ್ಟು ಚೀಲ ಹೊರಡಬೇಕು ಅಂತ ಮೊದಲೇ ಅಂದಾಜು ಹಾಕಿಡುತ್ತೇನೆ. ತೂಕ ತೀರಾ ಕಮ್ಮಿ ಬಂದರೆ ಎಲ್ಲೋ ಸೋರಿದೆ. ಜಾಸ್ತಿ ಬಂದರೆ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ, ಒಳಗಿನ ತೆಳು ಹೊಟ್ಟು ಹಾಗೇ ಇರುವ ಬೀಜ, ಸರಿಯಾಗಿ ಒಣಗಿಲ್ಲ, ತೇವಾಂಶ ಇನ್ನೂ ಶೇ. 10ಕ್ಕೆ ಇಳಿದಿಲ್ಲ ಅಂತ. ಸಂಜೆ ಕ್ಯಾಶ್ ಟ್ಯಾಲಿ ಮಾಡಿ ಅಭ್ಯಾಸ ಇದ್ದವರಿಗೆ ಇದರ ಮಜಾ ಗೊತ್ತು.

ಷರತ್ತುಗಳನ್ನು ಮೊದಲೇ ಹೇಳಿದ್ದೆ. ದುಡ್ಡಿನ ಪೆಟ್ಟಿಗೆ ನನ್ನ ಕೈಗೆ ಬೇಡ, ಬಟವಾಡೆ ಮಾಲೀಕರೇ ಮಾಡಲಿ. ಕೆಲಸ ಮಾಡಿಸುವುದು ಮೇಸ್ತ್ರಿಗೆ ಬಿಟ್ಟಿದ್ದು, ನಾನು ತಲೆ ಹಾಕುವುದಿಲ್ಲ. ಮಳೆಗಾಲಕ್ಕಂತೂ ಕರೆಯಬೇಡಿ, ಆ ಜಿಗಣೆ ಸಹವಾಸ ಸಾಕಪ್ಪ.

ಬ್ಯಾಂಕಿನಿಂದ ಬಂದವರು ಒಂದೆರಡು ವಿಷಯ ನೋಡಿಕೊಳ್ಳಿ. ಅಧಿಕಾರಿಗಳು ನಿವೃತ್ತಿಯಾದ ಹೊಸದರಲ್ಲಿ ಖಾಸಗಿ ಕೆಲಸಕ್ಕೆ ಸೇರಲು ಬ್ಯಾಂಕಿನ ಅನುಮತಿ ಬೇಕಾಗಬಹುದು, ನಿಮ್ಮ ಪೆನ್ಷನ್ ನಿಯಮ ಓದಿ. ಆಮೇಲೆ ತೆರಿಗೆ. 60 ದಾಟಿದವರಿಗೆ ವ್ಯಾಪಾರ, ವೃತ್ತಿಯ ಆದಾಯ ಇಲ್ಲದಿದ್ದರೆ ಅಡ್ವಾನ್ಸ್ ಟ್ಯಾಕ್ಸ್, ಅಂದರೆ ವರ್ಷದ ನಡುವೆಯೇ ಕಂತಿನಲ್ಲಿ ತೆರಿಗೆ ಕಟ್ಟುವ ತಲೆನೋವಿಲ್ಲ. ಸಂಬಳ ಅಂತ ತೆಗೆದುಕೊಂಡರೆ ಈ ಅನುಕೂಲ ಉಳಿಯುತ್ತದೆ, ಫೀಸ್ ಅಂತ ಬಿಲ್ ಕೊಟ್ಟರೆ ಹೋಗುತ್ತದೆ. ನಾನು ಸಂಬಳವೇ ಇರಲಿ ಅಂದೆ. ಇನ್ನು ಪೆನ್ಷನ್ ನಿಲ್ಲದಿರಲಿ ಅಂತ ಬದುಕಿದ್ದೇನೆ ಎಂದು ತೋರಿಸುವ ಲೈಫ್ ಸರ್ಟಿಫಿಕೇಟ್ ಕೊಡುವ ತಿಂಗಳೂ ನವೆಂಬರೇ, ಕುಯ್ಲು ಶುರುವಾಗುವುದೂ ಆಗಲೇ. ಫೋನಿನಲ್ಲೇ ಕೊಡೋಣ ಅಂದರೆ ತೋಟದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಅದಕ್ಕೇ ಹಾಸನದಲ್ಲೇ ಅದನ್ನು ಮುಗಿಸಿಕೊಂಡು ಸಕಲೇಶಪುರದ ಬಸ್ ಹತ್ತುತ್ತೇನೆ.