ವಿಮಾನ ಬಿಟ್ಟು ಪ್ರೊಪೆಲ್ಲರ್ ಮಾತ್ರ ಹಾರಿದ ದಿನ

ಕೋಲಾರದ ಹತ್ತಿರ ನಮ್ಮೂರ ಕೆರೆ ಆಗ ಒಣಗಿ ಬಿರುಕು ಬಿಟ್ಟಿತ್ತು. ಸುತ್ತ ಜಾಲಿ ಗಿಡ, ನಡುವೆ ಬಯಲು. ಮಾಡೆಲ್ ವಿಮಾನ ಹಾರಿಸೋಕೆ ಇನ್ನೇನು ಬೇಕು? ನನ್ನ ಮೊದಲ ಗ್ಲೋ ಇಂಜಿನ್ನನ್ನು (ಕಾದು ಕೆಂಪಾದ ತಂತಿಯ ಪ್ಲಗ್ಗಿನಿಂದ ಇಂಧನ ಹೊತ್ತಿಸುವ ಪುಟ್ಟ ಇಂಜಿನ್ನು) ಪಳಗಿಸಿದ್ದು ಅಲ್ಲೇ. 0.46 ಘನ ಇಂಚಿನದು, ಅಂದರೆ ಸುಮಾರು 7.5 ಸಿಸಿ.

ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ಮೇಲೆ ಹೋದಾಗ ಕಚ್ಚಿಕೊಳ್ಳುತ್ತಿತ್ತು. ಕೆಟ್ಟ ಮಾಲು ಬಂತಲ್ಲಾ ಅಂದುಕೊಂಡೆ. ಕೆಟ್ಟಿರಲಿಲ್ಲ. ಅದು ಎಬಿಸಿ ಇಂಜಿನ್: ಅಲ್ಯೂಮಿನಿಯಂ ಪಿಸ್ಟನ್, ಅದು ಓಡಾಡೋಕೆ ಕ್ರೋಮ್ ಹಾಕಿದ ಹಿತ್ತಾಳೆ ಕೊಳವೆ, ಅಂದರೆ ಸ್ಲೀವ್. ಸ್ಲೀವ್ ಮೇಲ್ಗಡೆ ಒಂಚೂರು ಕಿರಿದಾಗಿರುತ್ತದೆ, ಬಿಸಿಯಾದಾಗ ಹಿಗ್ಗಿ ಜಾಗ ಬಿಡುತ್ತದೆ. ಹಾಗಾಗಿ ಇದನ್ನು ತೀರಾ ತಣ್ಣಗೆ ಓಡಿಸಬಾರದು. ರಿಂಗ್ ಇರುವ ಇಂಜಿನ್ನಾದರೆ ಮೊದಲು ಎಣ್ಣೆ ಕಾರುವಷ್ಟು ರಿಚ್ ಆಗಿ, ಅಂದರೆ ಇಂಧನ ಜಾಸ್ತಿ ಬಿಟ್ಟು ತಣ್ಣಗೆ, ಓಡಿಸಬಹುದು, ಇಲ್ಲಿ ಆ ಲೆಕ್ಕ ನಡೆಯಲ್ಲ.

ದಪ್ಪ ಹಲಗೆಗೆ ಇಂಜಿನ್ ಬೋಲ್ಟ್ ಮಾಡಿದೆ. ಧೂಳು ಒಳಗೆ ಹೋಗದಿರಲಿ ಅಂತ ನೆಲಕ್ಕೆ ಎರಡು ಬಿಂದಿಗೆ ನೀರು ಚಿಮುಕಿಸಿದೆ. 10 ಇಂಚಿನ, 6 ಪಿಚ್‌ನ (ಲೆಕ್ಕದಲ್ಲಿ ಒಂದು ಸುತ್ತಿಗೆ 6 ಇಂಚು ಮುಂದೆ ಹೋಗುವ) ಮರದ ಪ್ರೊಪೆಲ್ಲರ್. ಇಂಧನ ಮೆಥನಾಲ್, ನೈಟ್ರೊಮೀಥೇನ್, ಹರಳೆಣ್ಣೆ. ಸಾಯಂಕಾಲ ಮನೆಗೆ ಹೋದರೆ ಅಜ್ಜಿ ಬಟ್ಟೆ ಮೂಸಿ, "ಏನೋ ಮಗಾ, ಯಾರಿಗೆ ಭೇದಿಗೆ ಕೊಟ್ಟು ಬಂದೆ?" ಅಂತಿದ್ದರು.

ಥ್ರಾಟಲ್ ಪೂರ್ತಿ ತೆಗೆದು, ನೀಡಲ್ (ಇಂಧನದ ಹರಿವು ಹೊಂದಿಸುವ ತಿರುಪು) ಸ್ವಲ್ಪ ರಿಚ್ ಇಟ್ಟು, ಒಂದೆರಡು ನಿಮಿಷ ಓಡಿಸೋದು. ಆಮೇಲೆ ಪೂರ್ತಿ ಆರಲು ಬಿಡೋದು. ಇದೇ ಪಳಗಿಸುವ ಕೆಲಸ. ಕಿವಿ ಮಾತ್ರ ಚುರುಕಾಗಿರಬೇಕು. ಜಾಸ್ತಿ ರಿಚ್ ಆದರೆ ಗುರ್ ಗುರ್ ಅನ್ನುತ್ತದೆ. ಇಂಧನದ ಪೈಪನ್ನು ಬೆರಳಲ್ಲಿ ಒಂದು ಕ್ಷಣ ಹಿಸುಕಿದರೆ ಸದ್ದು ಚೂಪಾಗಿ ಏರುತ್ತದೆ, ಬಿಟ್ಟರೆ ಮತ್ತೆ ಗುರ್. ನೀಡಲನ್ನು ಈ ಎರಡು ಸದ್ದಿನ ಗಡಿಯಲ್ಲೇ ನಿಲ್ಲಿಸಬೇಕು.

ಮೂರನೇ ಸಲ ಆತುರಪಟ್ಟೆ. ನೀಡಲ್ ಜಾಸ್ತಿ ಮುಚ್ಚಿದೆ. ಇಂಜಿನ್ ಟಕ್ ಅಂತು, ನಿಂತುಹೋಯಿತು. ಪ್ರೊಪೆಲ್ಲರ್ ನಿಲ್ಲಲಿಲ್ಲ. ಮುಂದಕ್ಕೆ ಚಿಮ್ಮಿ ಇಪ್ಪತ್ತು ಹೆಜ್ಜೆ ದೂರ ಬಿತ್ತು. ಕುರಿ ಕಾಯುತ್ತಿದ್ದ ಹುಡುಗ ನಗುತ್ತಾ, "ಅಣ್ಣಾ, ನಿನ್ ಫ್ಯಾನ್ ಹಾರೋಯ್ತು!" ಅಂದ. ನೀಡಲ್ ತಿರುಗಿಸುವಾಗ ನಾನು ಇಂಜಿನ್ನಿನ ಹಿಂದೆ ಇದ್ದೆ. ಮುಂದೆ ಬಗ್ಗಿದ್ದರೆ ಮುಖ ಇರ್ತಿತ್ತಾ?

ತಪ್ಪು ನನ್ನದೇ. ಮೊದಲ ಓಟದ ನಂತರ ನಟ್ಟನ್ನು ಮತ್ತೆ ಬಿಗಿ ಮಾಡಿರಲಿಲ್ಲ. ಮರ ಒತ್ತಡಕ್ಕೆ ಕುಗ್ಗುತ್ತದೆ, ಬಿಗಿ ಸಡಿಲವಾಗುತ್ತದೆ. ಶಾಫ್ಟ್ ದಿಢೀರನೆ ನಿಂತಾಗ ಪ್ರೊಪೆಲ್ಲರ್ ತನ್ನ ವೇಗದಲ್ಲೇ ಸುತ್ತಿ ನಟ್ಟನ್ನು ಬಿಚ್ಚಿಬಿಟ್ಟಿತ್ತು. ಮುಂದಿನಿಂದ ನೋಡಿದರೆ ಅದು ತಿರುಗೋದು ಎಡಕ್ಕೆ, ನಟ್ಟು ಬಿಚ್ಚೋದೂ ಎಡಕ್ಕೇ ಅಲ್ವಾ!

ಅವತ್ತಿನಿಂದ ಹೊಸ ಮರದ ಪ್ರೊಪೆಲ್ಲರ್ ಹಾಕಿದರೆ ಮೊದಲ ಓಟ ಮುಗಿದ ಕೂಡಲೇ ಸ್ಪ್ಯಾನರ್ ಹಿಡಿಯುತ್ತೇನೆ. ಆಮೇಲೂ ಪ್ರತಿ ಬೆಳಿಗ್ಗೆ ಒಂದು ಸಲ, ನಮ್ಮ ಬೇಸಿಗೆಗೆ ಮರ ಇನ್ನೂ ಒಣಗುತ್ತದೆ. ಇಕ್ಕಳದಲ್ಲಿ ಬಿಗಿ ಮಾಡಲ್ಲ, ನಟ್ಟಿನ ಮೂಲೆ ತಿಂದುಹೋಗುತ್ತದೆ. ಮೇಲೆ ಇನ್ನೊಂದು ನಟ್ಟು ಲಾಕಿಗೆ. ಪ್ರೊಪೆಲ್ಲರಿನ ಮಧ್ಯದ ತೂತನ್ನು ಕಾಲು ಇಂಚಿನ ಶಾಫ್ಟಿಗೆ ಸರಿಯಾಗಿ ರೀಮರ್‌ನಲ್ಲೇ (ತೂತನ್ನು ನೇರವಾಗಿ ಹಿಗ್ಗಿಸುವ ಉಪಕರಣ) ಬಿಡಿಸುತ್ತೇನೆ. ಡ್ರಿಲ್ ಹಾಕಿದರೆ ತೂತು ಓರೆಯಾಗಿ ಇಡೀ ವಿಮಾನ ನಡುಗುತ್ತದೆ.

ನಟ್ಟು ಅವತ್ತೇ ಸಿಕ್ಕಿತು, ವಾಷರ್ ಸಿಗಲಿಲ್ಲ. ಈಗ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬಂದು ಕೆರೆ ತುಂಬಿದೆ. ಅದರ ತಳದಲ್ಲೆಲ್ಲೋ ಇರಬೇಕು.