ಸದಾಶಿವಗಡದ ಗುಡ್ಡ ಹತ್ತಿ ಭೂಗೋಳ ಪಾಠ

ಕಾರವಾರ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ದ್ವೀಪ, ಕೊಲ್ಲಿ, ಭೂಶಿರ, ಅಳಿವೆ ಇರುವ ಪಾಠವನ್ನು ಪುಸ್ತಕ ತೆಗೆಸಿ ಶುರು ಮಾಡುವುದಿಲ್ಲ. ‘ಮೂರು ಕಡೆ ನೀರು, ಒಂದು ಕಡೆ ನೆಲ’ ಅಂತ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ನಕ್ಷೆ ಮುಂದಿಟ್ಟು ತೋರಿಸು ಅಂದರೆ ಮಾತ್ರ ಬೆರಳು ಎಲ್ಲೆಲ್ಲೋ ಓಡುತ್ತದೆ. ಹಾಗಾಗಿ ನನ್ನ ಪಾಠದಲ್ಲಿ ಮೊದಲು ನೆಲ, ಆಮೇಲೆ ನಕ್ಷೆ, ಕೊನೆಗೆ ಹೆಸರು.

ನೆಲ ನೋಡಲು ಸದಾಶಿವಗಡದ ಗುಡ್ಡಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಮೇಲೆ ನಿಂತರೆ ಕಾಳಿ ನದಿ ಸಮುದ್ರ ಸೇರುವ ಅಳಿವೆ ಕಾಲಡಿಯಲ್ಲೇ ಕಾಣುತ್ತದೆ. ಆಚೆ ದಡದಲ್ಲಿ ಕೋಡಿಬಾಗ, ಅಲ್ಲಿಂದ ಬಾಗಿಕೊಂಡು ಹೋಗುವ ಕಾರವಾರದ ಕಡಲತೀರ, ಅದರ ತುದಿಗೆ ಬೈತಖೋಲದ ಹತ್ತಿರ ಕಡಲಿಗೆ ಚಾಚಿದ ಗುಡ್ಡ. ಪಶ್ಚಿಮಕ್ಕೆ ಕೂರ್ಮಗಡ ನಡುಗಡ್ಡೆ, ಪೂರ್ವಕ್ಕೆ ಸಹ್ಯಾದ್ರಿ.

ಅಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ: ‘ಯಾವುದು ಯಾವುದರೊಳಗೆ ನುಗ್ಗಿದೆ?’ ನೀರು ನೆಲದೊಳಗೆ ನುಗ್ಗಿದರೆ ಕೊಲ್ಲಿ, ನೆಲ ನೀರಿಗೆ ಚಾಚಿದರೆ ಭೂಶಿರ. ನೀರಿನ ನಡುವೆ ನೆಲ ಇದ್ದರೆ ದ್ವೀಪ, ನೆಲದ ನಡುವೆ ನೀರು ನಿಂತಿದ್ದರೆ ಸರೋವರ. ಭಾರತ–ಶ್ರೀಲಂಕಾ ನಡುವಿನ ಪಾಕ್ ಜಲಸಂಧಿಗೆ ಎರಡು ಕಡೆ ನೆಲ, ಪನಾಮಾ ಭೂಸಂಧಿಗೆ ಎರಡು ಕಡೆ ಸಮುದ್ರ. ಹೀಗೆ ಜೋಡಿಯಾಗಿ ಕೊಟ್ಟರೆ ಒಂದು ಮರೆತರೂ ಇನ್ನೊಂದರಿಂದ ನೆನಪಾಗುತ್ತದೆ.

ಮೀನುಗಾರರ ಮನೆಯ ಹುಡುಗನೊಬ್ಬ ಒಮ್ಮೆ ‘ಸರ್, ಅಂಜುದೀವ ಈಗಲೂ ದ್ವೀಪವೇನಾ?’ ಅಂತ ಕೇಳಿದ. ಕಾರವಾರದ ಮಗ್ಗುಲಲ್ಲೇ ಇದ್ದರೂ ಗೋವಾಕ್ಕೆ ಸೇರಿದ ಈ ನಡುಗಡ್ಡೆಯನ್ನು ನೌಕಾನೆಲೆಗಾಗಿ ಕಟ್ಟಿದ ಅಲೆತಡೆಗೋಡೆ ದಡಕ್ಕೆ ಜೋಡಿಸಿದೆ. ಪ್ರಕೃತಿ ಮಾಡಿದ್ದು ದ್ವೀಪ, ಮನುಷ್ಯ ಮಾಡಿದ್ದು ದಾರಿ ಅಂದೆ. ಆ ದಿನ ತರಗತಿಯಲ್ಲಿ ನಡೆದಷ್ಟು ಒಳ್ಳೆಯ ಚರ್ಚೆ ನಾನು ಜಾಸ್ತಿ ನೋಡಿಲ್ಲ.

ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ ಆಗುವುದು ಸಮೋನ್ನತಿ ರೇಖೆಗಳು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಅಂತ ಹೇಳಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಅದಕ್ಕೆ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಗುಡ್ಡ ಮಾಡಿಸುತ್ತೇನೆ. ಮರಳು ಬೇಡ, ನೀರು ಬಿದ್ದ ಕೂಡಲೇ ಕುಸಿಯುತ್ತದೆ. ಗದ್ದೆಯ ಅಂಟುಮಣ್ಣು ಗಟ್ಟಿಯಾಗಿ ನಿಲ್ಲುತ್ತದೆ. ಗುಡ್ಡದ ಒಂದು ಮಗ್ಗುಲು ಕಡಿದಾಗಿರಲಿ, ಇನ್ನೊಂದು ಇಳಿಜಾರಾಗಿರಲಿ. ಟಬ್ಬಿನ ಅಂಚಿನ ಕಡೆಯಿಂದ ನಿಧಾನವಾಗಿ, ತಳದಿಂದ ಎರಡು ಬೆರಳು ಎತ್ತರಕ್ಕೆ ನೀರು ಹೊಯ್ದು, ನೀರು ಮುಟ್ಟಿದಲ್ಲಿ ಗುಡ್ಡದ ಸುತ್ತ ಮೊಳೆಯಿಂದ ಗೆರೆ ಎಳೆಸಬೇಕು. ಮತ್ತೆ ಎರಡು ಬೆರಳು ನೀರು, ಮತ್ತೊಂದು ಗೆರೆ. ತುದಿ ಮುಳುಗುವ ತನಕ ಹೀಗೇ. ಆಮೇಲೆ ನೀರನ್ನು ಮೆಲ್ಲಗೆ ಬಸಿದು, ಬೆಂಚಿನ ಮೇಲೆ ಹತ್ತಿ ನೇರ ಮೇಲಿನಿಂದ ನೋಡಲು ಹೇಳುತ್ತೇನೆ. ಕಡಿದಾದ ಕಡೆ ಗೆರೆಗಳು ಒತ್ತೊತ್ತಾಗಿರುತ್ತವೆ, ಇಳಿಜಾರಿನ ಕಡೆ ದೂರ ದೂರ. ಕಂಡಿದ್ದನ್ನು ಹಾಗೇ ಕಾಗದದ ಮೇಲೆ ಬರೆದರೆ ಅದೇ ನಕ್ಷೆ.

ಇಷ್ಟಾದ ಮೇಲೆ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆ ಬಿಚ್ಚುತ್ತೇನೆ. ಕಂದು ಗೆರೆ ಎತ್ತರಕ್ಕೆ, ನೀಲಿ ನೀರಿಗೆ, ಹಸಿರು ಕಾಡಿಗೆ. 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಯ ಜಾಡು ಹಿಡಿದು ಬನ್ನಿ ಅನ್ನುತ್ತೇನೆ. ಘಟ್ಟದ ಮೇಲೆ ದೂರ ದೂರ ಇದ್ದ ಕಂದು ಗೆರೆಗಳು ಉಂಚಳ್ಳಿ ಹತ್ತಿರ ಒಂದರ ಮೇಲೊಂದು ಬಿದ್ದಂತೆ ಆಗುತ್ತವೆ. ಅಲ್ಲಿ ಹೊಳೆ 116 ಮೀಟರ್ ಧುಮುಕುತ್ತದೆ. ಜಲಪಾತ ಅಂತ ಬರೆದಿರದಿದ್ದರೂ ಮಕ್ಕಳು ಅದನ್ನು ಗುರುತಿಸಬಲ್ಲರು.

ಇದೇ ಹಂತದಲ್ಲಿ ಡೆಲ್ಟಾದ, ಅಂದರೆ ನದಿ ಸಮುದ್ರ ಸೇರುವಲ್ಲಿ ತಂದ ಮಣ್ಣು ತುಂಬಿ ಆಗುವ ಮುಖಜ ಭೂಮಿಯ ಮಾತು ಬಂದೇ ಬರುತ್ತದೆ. ಗೋದಾವರಿಗೆ ಇರುವ ಮುಖಜ ಭೂಮಿ ನಮ್ಮ ಕಾಳಿಗೆ ಯಾಕಿಲ್ಲ? ಗೋದಾವರಿ 1,465 ಕಿ.ಮೀ. ಹರಿದು, ಬಯಲಿನಲ್ಲಿ ನಿಧಾನವಾಗಿ ಮಣ್ಣು ಇಳಿಸುತ್ತ ಹೋಗುತ್ತದೆ. ಕಾಳಿಯ ಉದ್ದ 184 ಕಿ.ಮೀ. ಮಾತ್ರ. ಘಟ್ಟ ಇಳಿದ ಮೇಲೆ ಅದಕ್ಕೆ ಸಿಗುವ ಬಯಲು ಕಡಿಮೆ. ತಂದ ಮಣ್ಣನ್ನು ಉಬ್ಬರ ಇಳಿತ ಮತ್ತು ಅಲೆಗಳು ಚದುರಿಸುತ್ತವೆ. ಹಾಗಂತ ನಮ್ಮ ಹೊಳೆಗಳು ಏನೂ ಕಟ್ಟುವುದಿಲ್ಲ ಅಂತಲ್ಲ. ಶರಾವತಿಯಲ್ಲಿ ಮಾವಿನಕುರ್ವೆ, ಅಘನಾಶಿನಿಯಲ್ಲಿ ಐಗಳಕುರ್ವೆ ಇವೆ. ಹೊಳೆಯ ನಡುವಿನ ಕುರ್ವೆ ಕೂಡ ದ್ವೀಪವೇ, ಸಮುದ್ರದಲ್ಲೇ ಇರಬೇಕು ಅಂತೇನಿಲ್ಲ ಅಲ್ವಾ?

ಹೀಗೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೆ ಒಂದು ಮಾತು. ಮಳೆಗಾಲ ಮುಗಿದ ಮೇಲೆ, ಇಳಿತದ ಹೊತ್ತು ನೋಡಿಕೊಂಡು ಹೋಗಿ. ಅಳಿವೆಯ ಮರಳು ದಿಬ್ಬಗಳು ಆಗಲೇ ಚೆನ್ನಾಗಿ ಕಾಣುವುದು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಿಂದಿನ ದಿನ ಮೀನುಗಾರರನ್ನು ಕೇಳಿ, ಆ ಲೆಕ್ಕ ಹಾಕಿಕೊಂಡೇ ಶಾಲೆಯಿಂದ ಹೊರಡಿ.